ಗೋಂದಜ್ಜ ಕಟ್ಟಿದ ಬೆನ್ನುಗಳು

ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಸ ಬೆನ್ನು ಕಟ್ಟುವ ಮುದುಕನನ್ನು ಎಲ್ಲರೂ ಗೋಂದಜ್ಜ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಅದೇ ಕಿಟಕಿ, ಅದೇ ಮೇಜು, ಉಗುರಿನೊಳಗೆ ಅದೇ ಒಣಗಿದ ಅಂಟು. ಓದು ಬರುತ್ತಿರಲಿಲ್ಲ ಎಂದಲ್ಲ. ಕೈಗೆ ಏನು ಸಿಕ್ಕರೂ ಅವನ ಕಣ್ಣು ಮೊದಲು ಕಾಗದ ಎಷ್ಟು ಗಟ್ಟಿ ಎಂದು ನೋಡುತ್ತಿತ್ತು, ಅಕ್ಷರವೆಲ್ಲ ಆಮೇಲೆ.

ಈ ವರ್ಷ ಗ್ರಂಥಾಲಯಕ್ಕೇ ಕುತ್ತು ಬಂತು. ಕಟ್ಟಡ ನಮ್ಮ ತಾತನದು, ಖಾಲಿ ಮಾಡಿ ಎಂದು ಒಬ್ಬ ಮಹಾಶಯ ವಕೀಲರ ಸಮೇತ ಬಂದ. ಆ ತಾತ ಮನೆಯನ್ನು ಓದುಗರಿಗೇ ಬಿಟ್ಟುಕೊಟ್ಟದ್ದು ಬೀದಿಗೆಲ್ಲ ಗೊತ್ತು. ಆದರೆ ಅದನ್ನು ಬರೆದು ಸಹಿ ಹಾಕಿದ್ದು ಒಂದೇ ಕಡೆ, ಗ್ರಂಥಾಲಯದ ಮೊದಲ ರಿಜಿಸ್ಟರಿನ ಮೊದಲ ಪುಟದಲ್ಲಿ. ಅದು ಸಿಗದಿದ್ದರೆ ತಿಂಗಳ ಕೊನೆಗೆ ಬೀಗ. ಗ್ರಂಥಪಾಲಕಿ ಮೇಡಂ ಬೀರು, ಅಟ್ಟ ಎಲ್ಲ ಜಾಲಾಡಿದರು. ಅಜ್ಜನೂ ಮಂಡಿನೋವು ಮರೆತು ಹುಡುಕಿದ. ಕಳೆದವನು ಯಾರೇ ಆಗಲಿ, ಅವನಿಗೆ ಬಾಯಿತುಂಬ ಬೈದ.

ಮರುದಿನವೇ ಹಳೆಯ ನಿಘಂಟೊಂದು ರಿಪೇರಿಗೆ ಬಂತು. ಅಜ್ಜನೇ ಕಟ್ಟಿದ್ದು. ರಟ್ಟು ಸವೆದಿತ್ತು, ಬೆನ್ನು ಮಾತ್ರ ಕಲ್ಲಿನ ಹಾಗಿತ್ತು. ಹೆಮ್ಮೆಯಿಂದಲೇ ಬಿಚ್ಚಿದ. ಒಳಗೆ ಆಧಾರಕ್ಕೆ ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ನೀಲಿ ಶಾಯಿ. ಕ್ರಮಸಂಖ್ಯೆ ನಲವತ್ತೊಂದು. ಪಕ್ಕದಲ್ಲಿ ತಾರೀಕು, ಗ್ರಂಥಾಲಯ ಶುರುವಾದ ವರ್ಷದ್ದು.

ಅಜ್ಜನಿಗೆ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ಗಟ್ಟಿ ಕಾಗದ ಕೇಳಿದಾಗ, ಆಗಿನ ಜವಾನ ಮೆಟ್ಟಿಲಡಿಯ ರದ್ದಿ ತೋರಿಸಿದ್ದ. ಅದರಲ್ಲಿ ರಟ್ಟು ಕಳಚಿದ ಒಂದು ದಪ್ಪ ಪುಸ್ತಕ. ಎಂಥಾ ಕಾಗದ ಎಂದು ಹಿಗ್ಗಿ, ಅಜ್ಜ ಅದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಂಡು ವರ್ಷವಿಡೀ ಬಳಸಿದ್ದ. ನಿನ್ನೆ ಬೈದದ್ದೆಲ್ಲ ತನಗೇ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಪಟ್ಟಿ ಹಿಡಿದು ಮೇಡಂ ಮುಂದೆ ನಿಂತ.

"ರಿಜಿಸ್ಟರು ಕಳೆದಿಲ್ಲ ಮೇಡಂ. ನಾನೇ ಕತ್ತರಿಸಿದ್ದೀನಿ. ಪುಸ್ತಕಗಳ ಬೆನ್ನೊಳಗಿದೆ."

ಮೇಡಂ ಕುರ್ಚಿಯಲ್ಲಿ ಕುಸಿದರು. "ಯಾವ ಪುಸ್ತಕ ಅಜ್ಜ?"

"ಆ ವರ್ಷ ಕಟ್ಟಿದ್ದೆಲ್ಲ."

"ಅವು ಯಾವುವು ಅಂತ ಹೇಗೆ ಗೊತ್ತಾಗುತ್ತೆ?"

ಅಜ್ಜ ಕಪಾಟುಗಳ ಕಡೆ ನೋಡಿದ. "ಹಳೇವುಗಳಲ್ಲಿ ಇವತ್ತಿಗೂ ಬಿಚ್ಚಿಕೊಳ್ಳದೆ ಇರೋವು."

ಬಿಚ್ಚಿ ನೋಡಿ ಎಂಬಂತೆ ಮೇಡಂ ನಿಧಾನವಾಗಿ ತಲೆಯಾಡಿಸಿದರು. ಅಜ್ಜ ಅವುಗಳಲ್ಲೆಲ್ಲ ಗಟ್ಟಿಯಾದದ್ದನ್ನು ಆರಿಸಿ ತಂದು, ಒಮ್ಮೆ ಸವರಿ, ಬೆನ್ನು ಸೀಳಿದ. ಸಂಜೆ ಹೊತ್ತಿಗೆ ಮೇಜಿನ ಮೇಲೆ ಅರವತ್ತೆರಡು ಪಟ್ಟಿಗಳಿದ್ದವು, ಸುತ್ತ ಅರವತ್ತೆರಡು ಪುಸ್ತಕ ಹರಡಿ ಬಿದ್ದಿದ್ದವು. ಸಹಿ ಇನ್ನೂ ಸಿಕ್ಕಿರಲಿಲ್ಲ. ಅಜ್ಜ ಮುಂದಿನದನ್ನು ಎಳೆದುಕೊಂಡ.