ಗಣಿಯೂರಿನಲ್ಲಿ ನೀರು ತುಂಬುವ ಹಬ್ಬ

"ಇನಫ್, ಅಮ್ಮ! ಬರೀ ಡಸ್ಟ್ ಇರೋ ಊರಿಗೆ ವಾಪಸ್ ಯಾಕೆ?" ಎಂದಳು ಮಗಳು. ಮೊಣಕಾಲಿನ ಆಪರೇಷನ್ನಿಗೆಂದು ಉತ್ತರದ ಮರುಭೂಮಿಯ ಗಣಿಯೂರಿನಿಂದ ನನ್ನನ್ನು ನೈರೋಬಿಗೆ ಕರೆಸಿಕೊಂಡವಳು ಅವಳೇ. ಕಾಲು ನೆಟ್ಟಗಾಯಿತು. ಇನ್ನು ಪಾರ್ಕ್‌ಲ್ಯಾಂಡ್ಸ್‌ನ ಅವಳ ಫ್ಲ್ಯಾಟಿನಲ್ಲಿ ಟೀವಿ ನೋಡುತ್ತಾ ಬಿದ್ದಿರಬೇಕಂತೆ. ನನ್ನ ಶಾಲೆಯ ಗತಿಯೇನು?

ಶಾಲೆಯೆಂದರೆ ಚಿನ್ನದ ಗಣಿಯ ಕಂಪನಿ ಬಿಸಾಡಿದ್ದ ಒಂದು ಕಬ್ಬಿಣದ ಕಂಟೇನರ್. ಯಜಮಾನರು ಅಲ್ಲಿ ಇಂಜಿನಿಯರ್ ಆಗಿದ್ದಾಗ ಅದಕ್ಕೆ ಕಿಟಕಿ ಕೊರೆಸಿ ಕಾರ್ಮಿಕರ ಮಕ್ಕಳನ್ನು ಕೂರಿಸಿದೆ. ಯಜಮಾನರು ತೀರಿಕೊಂಡರು, ನಾನು ಊರು ಬಿಡಲಿಲ್ಲ. ಈಗ ಕಂಪನಿಗೆ ಅದೇ ಕಂಟೇನರ್ ಗೋಡೌನಿಗೆ ಬೇಕಂತೆ. ಇಲ್ಲೇ ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ಆಫೀಸಿಗೆ ಕೀ ತಂದುಕೊಡಿ ಎಂದು ಫೋನು ಬಂತು. ನನಗೆ ಪಿತ್ತ ನೆತ್ತಿಗೇರಿತು. ಮಗಳಿಗೋ, ಹೇಳತೀರದ ಸಂತೋಷ.

ಆ ಊರಿಗೆ ನೀರು ಬರುವುದೇ ಟ್ಯಾಂಕರಿನಲ್ಲಿ. ಮನೆಗಿಷ್ಟು ಎಂದು ಅಳೆದು ಕೊಡುತ್ತಾರೆ. ಅಲ್ಲಿಯ ಮೊದಲ ದೀಪಾವಳಿಗೆ ಹಂಡೆ ಎಲ್ಲಿಂದ ತರಲಿ? ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಳ್ಳಿಯ ಬದಲು ಜಾಲಿಯ ಟೊಂಗೆ ಕಟ್ಟಿ, ಕೂಡಿಟ್ಟಿದ್ದ ನೀರನ್ನೆಲ್ಲ ಸುರಿದು ನೀರು ತುಂಬುವ ಹಬ್ಬ ಮಾಡಿದೆ. ಮರುದಿನ ಶಾಲೆಯ ಮಕ್ಕಳ ತಲೆಗೆಲ್ಲ ಎಣ್ಣೆ ತಿಕ್ಕಿ ಒಂದೊಂದು ಚೊಂಬು ಬಿಸಿನೀರು ಹೊಯ್ದೆ. ಅಬ್ಬಬ್ಬಾ, ಆ ಕೇಕೆ! ಕ್ಯಾಂಪಿನ ಮ್ಯಾನೇಜರ್ ಓಡಿ ಬಂದು, ನೀರು ಪೋಲು ಮಾಡುತ್ತೀರಾ ಎಂದು ಗದರಿದ. "ನಿನ್ನ ಬಂಗಲೆಯ ಹುಲ್ಲಿಗೆ ನೀರಿದೆ, ಮಕ್ಕಳ ತಲೆಗಿಲ್ವಾ?" ಎಂದು ನನಗೆ ಬರುವ ಸ್ವಾಹಿಲಿಯಲ್ಲೇ ಝಾಡಿಸಿದೆ. ಬಂದ ದಾರಿ ಹಿಡಿದ. ಈಗ ಪ್ರತಿ ವರ್ಷ ಡ್ರಮ್ಮಿಗೆ ಗೆರೆ ಎಳೆಯಲು ಮಕ್ಕಳೇ ಕಿತ್ತಾಡುತ್ತಾರೆ.

ಹರ್ಲಿಂಗ್‌ಹ್ಯಾಮ್‌ಗೆ ಮಗಳೇ ಕಾರಿನಲ್ಲಿ ಕರೆದೊಯ್ದಳು. "ಜಸ್ಟ್ ಗಿವ್ ದ ಕೀ, ಅಮ್ಮ. ಇಲ್ಲಿ ಎವ್ರಿಥಿಂಗ್ ಇದೆ."

"ಇವತ್ತು ಬೆಳಿಗ್ಗೆ ನಿನ್ನ ನಲ್ಲೀಲಿ ಏನು ಬಂತು?"

"ಏರ್," ಎಂದು ಗೊಣಗಿದಳು. "ಟ್ಯಾಂಕರ್‌ಗೆ ಫೋನ್ ಮಾಡಿದೀನಿ."

"ಹೂಂ. ಅದೇ ಟ್ಯಾಂಕರು ಅಲ್ಲೂ ಬರತ್ತೆ."

ಆಫೀಸಿನಲ್ಲಿದ್ದವನು ಮರ್ಯಾದಸ್ಥ. ಅಲ್ಲಿಯವರ ರೂಢಿಯಂತೆ ಮಾಮಾ, ಅಂದರೆ ಅಮ್ಮಾ, ಎಂದು ಕರೆದು ಕೂರಿಸಿ ಟೀ ತರಿಸಿದ. ಕೀ ಕೊಡದಿದ್ದರೆ ಬೀಗ ಒಡೆಸಬೇಕಾಗುತ್ತದೆ ಎಂದೂ ನಯವಾಗಿಯೇ ಹೇಳಿದ.

"ಒಡೆಯೋ ಕಷ್ಟ ಯಾಕಪ್ಪ?" ಎಂದೆ. "ಬೀಗ ನಾನೇ ತೆಗೆದಿಟ್ಟು, ಮಕ್ಕಳ ಜೊತೆ ಒಳಗೇ ಕೂತಿರ್ತೀನಿ. ನಮ್ಮನ್ನೆಲ್ಲ ಎತ್ತಿ ಹೊರಗೆ ಹಾಕು, ಆಮೇಲೆ ನಿನ್ನ ಸಾಮಾನು ತುಂಬು." ಟೀಗೆ ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಕಾರಿನಲ್ಲಿ ಕಾಯುತ್ತಿದ್ದ ಮಗಳು, "ಕೊಟ್ಯಾ?" ಎಂದಳು. ಸೆರಗಿನ ಗಂಟು ಬಿಚ್ಚಿ ಕೀ ತೋರಿಸಿದೆ. ಅವಳ ಕಣ್ಣು ತುಂಬಿತು. ಆದರೂ ಕೇಳಿಯೇಬಿಟ್ಟೆ: "ಬಸ್ ಸ್ಟ್ಯಾಂಡಿಗೆ ನೀನು ಬಿಡ್ತೀಯೋ, ಈ ಕಾಲಲ್ಲೇ ಮಟಾಟು ವ್ಯಾನ್ ಹತ್ತಲೋ?"

ಅವಳು ಮೂಗೊರೆಸಿಕೊಂಡು ಕಾರು ಸ್ಟಾರ್ಟ್ ಮಾಡಿದಳು.

"ಬೆಲ್ಟ್ ಹಾಕ್ಕೋ," ಎಂದಳು.