ಸಾವಿನ ಮನೆಯ ಸಾರಿ

ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಆ ಭಾಷೆಯಿಂದ ನಮ್ಮ ಮನೆಗೆ ಆದ ಉಪಕಾರ ಒಂದೇ, ಅದೂ ತಪ್ಪು ಅರ್ಥದಿಂದ ಆದದ್ದು.

ಅಪ್ಪನಿಗೂ ನಮ್ಮೂರು ಹರಿಯಬ್ಬೆಯಲ್ಲಿರುವ ದೊಡ್ಡಪ್ಪನಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹಿಂದೊಮ್ಮೆ ಅಪ್ಪನ ಟಗರು ಕಾಣೆಯಾದಾಗ, ಅಪ್ಪ ಹಟ್ಟಿಯವರೆದುರು ಒಡಹುಟ್ಟಿದ ಅಣ್ಣನನ್ನೇ ಕಳ್ಳ ಅಂದುಬಿಟ್ಟಿದ್ದ. ಸಂಜೆಗೆ ಟಗರು ತಾನಾಗಿಯೇ ಮನೆಗೆ ಬಂತು. ನಮ್ಮ ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ. ಆದರೂ ತಪ್ಪಾಯಿತು ಅನ್ನಲು ಅಪ್ಪ ಅಣ್ಣನ ಬಾಗಿಲಿಗೆ ಹೋಗಲಿಲ್ಲ. ಕೊನೆಗೆ ಕುರಿಗಳನ್ನು ಮಾರಿ ದುರ್ಗಕ್ಕೆ ಬಂದು ನನ್ನ ಜೊತೆ ಇದ್ದುಬಿಟ್ಟ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಸುದ್ದಿ ಬಂದ ತಕ್ಷಣ ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಬಸ್ಸಿನಲ್ಲಿ ಕುಳಿತ ಮೇಲೆ ಚಡಪಡಿಕೆ ಶುರುವಾಯಿತು.

"ಹೋಗಿ ಏನನ್ಲವ್ವ? ಕನ್ನಡದಾಗೆ ಬಾಯಿ ತೆಗೆದ್ರೆ ಹಳೇದೆಲ್ಲ ಈಚೆ ಬರ್ತೈತೆ. ಇಂಗ್ಲಿಷ್‌ನಾಗೆ ಏನಾರ ಐತಾ?"

ನಾನು ಸಂತಾಪ ಹೇಳುವ 'ಕಂಡೋಲೆನ್ಸ್' ಪದ ಹೇಳಿಕೊಟ್ಟೆ. ಹಿರಿಯೂರು ಬರುವ ಹೊತ್ತಿಗೆ ಅದು ಅಪ್ಪನ ಬಾಯಲ್ಲಿ 'ಕಂಡೋರ ಲೈಸೆನ್ಸು' ಆಗಿತ್ತು.

"ಅಯ್ಯೋ, ಬಿಡಪ್ಪ! ಸಾರಿ ಅನ್ನು ಸಾಕು. ಸಾವಿನ ಮನೆಯಾಗೆ ಹಂಗಂದ್ರೆ ನಂಗೂ ದುಃಖ ಆಗೈತೆ ಅಂತ ಅರ್ಥ."

"ತಪ್ಪಾತು ಅಂತ ಅಲ್ಲ ತಾನೆ?"

"ಅಲ್ಲಪ್ಪ."

ದೊಡ್ಡಪ್ಪ ಅಂಗಳದಲ್ಲಿ ಗೋಡೆಗೊರಗಿ ಕುಳಿತಿದ್ದ. ಅಪ್ಪ ಹತ್ತಿರ ಹೋಗಿ, ನೆಲ ನೋಡುತ್ತ, "ಸಾರಿ ಅಣ್ಣ" ಅಂದ. ದೊಡ್ಡಪ್ಪ ತಲೆಯೆತ್ತಿದ. ಆಮೇಲೆ ಅಪ್ಪನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತ.

"ಈ ಒಂದು ಮಾತಿಗೆ ಇಷ್ಟು ವರ್ಷ ಬೇಕಾತೇನೋ? ಹೋಗ್ಲಿ ಬಿಡು, ನಾನು ಮನಸ್ನಾಗೆ ಇಟ್ಕಂಡಿಲ್ಲ."

ತಮ್ಮನೇ ಬಂದು ತಪ್ಪೊಪ್ಪಿಕೊಂಡನಂತೆ ಎಂಬ ಸುದ್ದಿ ಹೆಣ ಮಣ್ಣಿಗೆ ಹೋಗುವ ಮೊದಲೇ ಹಟ್ಟಿಯೆಲ್ಲ ಹರಡಿತು. ಅಪ್ಪ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ.

ವಾಪಸು ಬರುವಾಗ ಬಸ್ಸಿನಲ್ಲೇ ಶುರು ಹಚ್ಚಿಕೊಂಡ. "ನಾನ್ಯಾವಾಗ ತಪ್ಪಾತು ಅಂದೆ? ತಿಥಿಗೆ ಹೋದಾಗ ನೀನೇ ಅವನಿಗೆ ಸರಿಯಾದ ಅರ್ಥ ಹೇಳ್ಬೇಕು ನೋಡು." ಬೈದದ್ದೇನೋ ಬೈದ. ಆದರೆ ಮಾರನೆಯ ದಿನ ದೊಡ್ಡಪ್ಪನ ಫೋನು ಬಂದಾಗ ಊಟದ ತಟ್ಟೆ ಬಿಟ್ಟು ಎದ್ದುಹೋಗಿ ಎತ್ತಿಕೊಂಡ. ಅವತ್ತಿನಿಂದ ದಿನಾ ಫೋನು. ಅರ್ಥ ಹೇಳಿದರೆ ಇದೆಲ್ಲ ನಿಂತೇಹೋಗುತ್ತದಲ್ಲ. ವ್ಯಾಕರಣ ಸರಿಮಾಡಿ ಸಂಸಾರ ಕೆಡಿಸುವ ಕೆಲಸ ಯಾರಿಗೆ ಬೇಕು?

ತಿಥಿಯ ದಿನ ಅಪ್ಪ ಬಿಡಲಿಲ್ಲ, ಕಣ್ಣಲ್ಲೇ ಸನ್ನೆ ಮಾಡಿದ. ದೊಡ್ಡಪ್ಪ ಹಿತ್ತಿಲಲ್ಲಿ ಒಬ್ಬನೇ ಕೈ ತೊಳೆಯುತ್ತಿದ್ದ. ನಾನು ಹೋಗಿ, "ದೊಡ್ಡಪ್ಪ, ಅವತ್ತು ಅಪ್ಪ ಸಾರಿ ಅಂದಿದ್ದು…" ಎಂದು ತೊದಲಿದೆ.

"ಗೊತ್ತು, ಸುಮ್ಕಿರವ್ವ," ಎಂದ ದೊಡ್ಡಪ್ಪ. "ಅವತ್ತು ಬಂದ ಹುಡುಗ್ರೆಲ್ಲ ಸಾರಿ ಸಾರಿ ಅಂತಾನೇ ಅಂದ್ರು. ಅವರೆಲ್ಲ ನನ್ನ ಕಳ್ಳ ಅಂದಿದ್ರಾ? ನಿಮ್ಮಪ್ಪ ಬಾಯಿಬಿಟ್ಟು ತಪ್ಪಾತು ಅನ್ನೋ ಹೊತ್ತಿಗೆ ನಾನಿರ್ತೀನಾ? ಅದಕ್ಕೇ ಸಿಕ್ಕಿದ್ದನ್ನೇ ಇಟ್ಕಂಡೆ. ನಂಗೆ ಗೊತ್ತೈತೆ ಅಂತ ಅವನಿಗೆ ಹೇಳ್ಬ್ಯಾಡ, ಮತ್ತೆ ಮಾತು ಬಿಟ್ಟಾನು."