ಕೈ ಖಾಲಿಯಿದ್ದಾಗ ನೋಡಿದ್ದು

ಟೈಲ್ಸ್ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಸ್ಟಾಕಕ್ಕ ಎನ್ನುತ್ತಿದ್ದರು. ಯಾವ ಟೈಲು ಎಲ್ಲಿದೆ, ಎಷ್ಟು ಒಡೆದಿದೆ ಎಂದು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಅಲ್ಲಿನ ಹಳೇ ಪ್ರೋಗ್ರಾಮು ಆಗಾಗ ಮುಷ್ಕರ ಹೂಡುತ್ತಿತ್ತು. ಅದನ್ನು ರಮಿಸಿ ರಮಿಸಿ ಸರಿಮಾಡುತ್ತಲೇ ಅವಳು ಪ್ರೋಗ್ರಾಮು ಬರೆಯುವುದನ್ನೂ ಕಲಿತುಬಿಟ್ಟಳು.

ಮನೆಯ ಟೀವಿಗೆ ಒಂದು ಹಳೆಯ ಕಂಪ್ಯೂಟರ್ ಜೋಡಿಸಿದ್ದರು. ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟು ಬಿಡುವಾದಾಗ ನೋಡಬಹುದು. ಆದರೆ ಒಂದು ಹೊತ್ತಿನಲ್ಲಿ ಒಂದು ಚಾನೆಲ್ ಮಾತ್ರ. ನೋಡುವುದೂ ಅದನ್ನೇ, ರೆಕಾರ್ಡ್ ಮಾಡುವುದೂ ಅದನ್ನೇ. ಕನ್ನಡಕದಂಗಡಿಯ ಗಂಡನಿಗೆ ಫುಟ್‌ಬಾಲ್, ಅತ್ತೆಗೆ ಅಡುಗೆ ಸ್ಪರ್ಧೆ, ಕಾಲೇಜಿನ ಮಗಳಿಗೆ ಹಾಡಿನ ಸ್ಪರ್ಧೆ, ಸ್ಟಾಕಕ್ಕನಿಗೆ ಒಬ್ಬ ಮುದಿ ಪತ್ತೇದಾರನ ಧಾರಾವಾಹಿ.

"ನನ್ನದನ್ನು ಅಳಿಸಿದ್ಯಾರು?" ಎಂದು ಮಗಳು.

"ನಂಗೇನು ಗೊತ್ತು? ನಿಮ್ಮಮ್ಮನ್ನ ಕೇಳು," ಎಂದು ಅಪ್ಪ.

ದಿನಾ ಇದೇ ರಾಮಾಯಣ. ಕಡೆಗೆ ಸ್ಟಾಕಕ್ಕ ಭಾನುವಾರಗಳಲ್ಲಿ, ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ, ಮನೆಗೊಂದು ಪ್ರೋಗ್ರಾಮು ಬರೆದಳು. ಟೀವಿ ಹಾಕಿದ ಕೂಡಲೇ ಅದು "ಕೋಣೆಯಲ್ಲಿ ಯಾರ್ಯಾರಿದ್ದೀರಿ?" ಎಂದು ಕೇಳುತ್ತದೆ. ಇದ್ದವರ ಹೆಸರು ಒತ್ತಬೇಕು. ಯಾರು ಏನು ರೆಕಾರ್ಡ್ ಮಾಡಿದರು, ಯಾರು ಎಷ್ಟು ನೋಡಿದರು, ಎಲ್ಲ ಅದರ ಹೊಟ್ಟೆಯಲ್ಲಿ. ಒಂದೇ ಹೊತ್ತಿಗೆ ಇಬ್ಬರಿಗೆ ಬೇಕಾದರೆ, ಹೆಚ್ಚು ನೋಡಿದವರು ಬಿಟ್ಟುಕೊಡಬೇಕು.

"ನ್ಯಾಯ ಅಂದ್ರೆ ಇದು ಕಣೇ," ಎಂದ ಗಂಡ.

ತಿಂಗಳ ಕೊನೆಗೆ ಲೆಕ್ಕ ಬಂತು. ಪಟ್ಟಿಯ ಮೇಲ್ತುದಿಯಲ್ಲಿ 'ಅಮ್ಮ', ಅಂದರೆ ಸ್ಟಾಕಕ್ಕ! ಆ ಮನೆಯಲ್ಲಿ ಅವಳ ಹೆಸರು ಯಾವುದರಲ್ಲಾದರೂ ಮೊದಲು ಬಂದದ್ದು ಅಂದೇ.

"ಏನೇ, ನಾನಲ್ಲಿ ಊರವರ ಕಣ್ಣು ಸರಿಮಾಡ್ತಿದ್ರೆ ನೀನಿಲ್ಲಿ ನಿನ್ನ ಕಣ್ಣು ಕೆಡಿಸ್ಕೋತಿದೀಯಾ?"

"ಅದಕ್ಕೇ ಅಡುಗೆಗೆ ಉಪ್ಪು ಎರಡೆರಡು ಸಲ ಬೀಳೋದು," ಎಂದರು ಅತ್ತೆ.

ಟೀವಿ ಮಹಾರಾಣಿ ಎಂಬ ಬಿರುದೂ ಬಂತು. ಸ್ಟಾಕಕ್ಕನೂ ನಕ್ಕಳು. ಆದರೆ ಮುಂದಿನ ಶನಿವಾರಕ್ಕೆ ಪತ್ತೇದಾರನ ಕೊನೆಯ ಕಂತನ್ನು ರೆಕಾರ್ಡ್‌ಗೆ ಹಾಕಹೋದಾಗ ನಗು ನಿಂತಿತು. ಅದೇ ಹೊತ್ತಿಗೆ ಫುಟ್‌ಬಾಲ್ ಫೈನಲ್ ಇತ್ತು. ತೆರೆಯ ಮೇಲೆ ಅವಳೇ ಬರೆದಿದ್ದ ವಾಕ್ಯ ಮೂಡಿತು: "ಅಮ್ಮನ ಕೋರಿಕೆಯನ್ನು ವಿಷಾದದಿಂದ ತಿರಸ್ಕರಿಸಲಾಗಿದೆ."

ಆ ಕಂತು ಮತ್ತೆ ಬರುವುದಿಲ್ಲವೆಂದು ಚಾನೆಲಿನವರು ಸಾರಿ ಸಾರಿ ಹೇಳಿದ್ದರು. ಮೊದಲ ಕಂತಿನಿಂದ ಒಂದನ್ನೂ ಬಿಡದವಳು ಅವಳು.

"ಲೆಕ್ಕದಲ್ಲಿ ಏನೋ ತಪ್ಪಿದೆ," ಎಂದಳು, ಇಸ್ತ್ರಿ ಮಾಡುತ್ತ.

"ಬರೆದವಳು ನೀನೇ ತಾನೇ?" ಎಂದ ಗಂಡ.

"ಬಿಡಮ್ಮಾ," ಮಗಳು ಸಮಾಧಾನ ಹೇಳಿದಳು. "ಆ ಮುದುಕನ ಗಡ್ಡ ಎಷ್ಟು ಸಲ ಅಂತ ನೋಡ್ತೀಯಾ?"

ಇಸ್ತ್ರಿಪೆಟ್ಟಿಗೆ ನಿಂತಿತು. "ಅವನಿಗೆ ಗಡ್ಡ ಇದೆಯಾ?"

ಮೂವರೂ ತಿರುಗಿ ನೋಡಿದರು.

"ಎದೆವರೆಗೂ ಇದೆ ಅಮ್ಮಾ!"

"ದನಿ ಕೇಳಿದ್ರೆ ನುಣ್ಣಗೆ ಶೇವ್ ಮಾಡಿದ ಹಾಗಿತ್ತಲ್ಲೇ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಸ್ಟಾಕಕ್ಕನಿಗೆ ಮಾತ್ರ ತಪ್ಪು ಎಲ್ಲಿದೆಯೆಂದು ಹೊಳೆದುಬಿಟ್ಟಿತು. ಇಸ್ತ್ರಿಯ ಮೇಜು ಇದ್ದದ್ದು ಸೋಫಾದ ಹಿಂದೆ. ಫುಟ್‌ಬಾಲ್ ಹೊತ್ತಿಗೆ ಇಸ್ತ್ರಿ, ಹಾಡಿನ ಹೊತ್ತಿಗೆ ಬಟಾಣಿ ಬಿಡಿಸುವುದು, ಪತ್ತೇದಾರನ ಹೊತ್ತಿಗೆ ಒಗೆದ ಬಟ್ಟೆಯ ರಾಶಿ. ಕೋಣೆಯಲ್ಲಿ ಅವಳು ಸದಾ ಇದ್ದಳು, ಪ್ರೋಗ್ರಾಮು ಅದನ್ನೇ ನೋಡಿದ್ದೆಂದು ಎಣಿಸಿತ್ತು; ಕಣ್ಣು ಮಾತ್ರ ಕೈಯ ಹಿಂದೆ ಹೋಗಿತ್ತು. ಕಂತಿನ ಕೊನೆಯಲ್ಲಿ ಆ ಮುದುಕ ನೋಡುಗರಿಗೆ "ನೀವೂ ನೋಡಿದಿರಲ್ಲ?" ಎಂದಾಗಲೆಲ್ಲ, ಇವನೊಬ್ಬ ಮೋಸಗಾರ, ಯಾವಾಗ ತೋರಿಸಿದ ಎಂದು ಬೈದುಕೊಳ್ಳುತ್ತಿದ್ದಳು.

ಅಂದೇ ಪ್ರೋಗ್ರಾಮಿಗೆ ಇನ್ನೊಂದು ಪ್ರಶ್ನೆ ಸೇರಿಸಿದಳು: "ಕೈ ಖಾಲಿಯೇ?" ಖಾಲಿಯಿದ್ದರೆ ಮಾತ್ರ ನೋಡಿದ ಲೆಕ್ಕ. ಹಳೆಯದೆಲ್ಲ ಅಳಿಸಿ ಶನಿವಾರದವರೆಗೆ ಹೊಸ ಲೆಕ್ಕ.

"ಇದು ಅನ್ಯಾಯ!" ಗಂಡ ಎದ್ದು ಕೂತ. "ಕೈಗೆ ಕೆಲಸ ಇದ್ರೆ ಕಣ್ಣಿಗೇನು ದಾಡಿ?"

"ಹಾಗಾದ್ರೆ ನೀವೂ ಕೈಗೆ ಕೆಲಸ ಕೊಡಿ. ಲೆಕ್ಕ ಇಳಿಯತ್ತೆ."

"ರಿಮೋಟ್ ಹಿಡಿದ್ರೆ?"

"ಅದು ಖಾಲಿ."

ಆ ವಾರ ಮನೆಯಲ್ಲಿ ಹಿಂದೆಂದೂ ಕಾಣದ ಪವಾಡಗಳಾದವು. ಫೈನಲ್ ಉಳಿಸಿಕೊಳ್ಳಲು ಗಂಡ ಬಟಾಣಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಆದರೆ ಗೋಲು ಬೀಳುವಾಗ ಬಟಾಣಿ ಬಿಡಿಸುವುದು ಅವನಿಂದಾಗಲಿಲ್ಲ. ಮಗಳು "ಅಪ್ಪಾ, ಕೈ ಖಾಲಿ!" ಎಂದು ಕೂಗಿ ಗುಂಡಿ ಒತ್ತುತ್ತಿದ್ದಳು. ಶನಿವಾರ ಬೆಳಗ್ಗೆ ಲೆಕ್ಕ ತೆರೆದರೆ, ಅಮ್ಮ ನೋಡಿದ್ದು ಸೊನ್ನೆ; ಫೈನಲ್ ಹೋಗಿ ಸಂಜೆಯ ಹೊತ್ತು ಅವಳದಾಯಿತು. ಅತ್ತೆ ಆ ಸೊನ್ನೆಯನ್ನು ದಿಟ್ಟಿಸಿ, ಬಟಾಣಿ ಬುಟ್ಟಿಯನ್ನು ತಮ್ಮ ಹತ್ತಿರ ಎಳೆದುಕೊಂಡರು.

ಸಂಜೆ ಸ್ಟಾಕಕ್ಕ ಸೋಫಾದ ನಟ್ಟನಡುವೆ ಕೂತಳು. ಗಂಡ ಹಟಕ್ಕೆ ಬಿದ್ದವನಂತೆ ಬಟ್ಟೆಯ ರಾಶಿಯನ್ನು ಎಳೆದುಕೊಂಡ. "ಮಡಚ್ತಾನೂ ನೋಡಬಹುದು ಅಂತ ತೋರಿಸ್ತೀನಿ, ಇರು."

ಅವಳ ಕೈಗಳಿಗೆ ಎಲ್ಲಿರಬೇಕೆಂದೇ ತಿಳಿಯಲಿಲ್ಲ. ಒಂದು ಕೈ ತಾನಾಗಿಯೇ ಕಾಲುಚೀಲದ ಕಡೆ ಹೊರಟಿತು. ಅತ್ತೆ ಅದರ ಮೇಲೆ ಪಟ್ಟೆಂದು ಹೊಡೆದರು. "ಸುಮ್ನೆ ನೋಡಮ್ಮಾ!"

ಗಡ್ಡ ನಿಜಕ್ಕೂ ಎದೆವರೆಗೂ ಇತ್ತು. ಮುದುಕ ಡಾಕ್ಟರ ಮನೆಗೆ ಹೋದ. ಕೊಲೆಯಾದ ಆ ಮಳೆಯ ರಾತ್ರಿಯಿಡೀ ಹೊರಗೆ ಕಾಲಿಟ್ಟಿಲ್ಲ ಎಂದರು ಡಾಕ್ಟರು. ಬಾಗಿಲ ಮೂಲೆಯಲ್ಲಿ ಒಂದು ಕೊಡೆ ಒರಗಿತ್ತು. ಅದರ ಕೆಳಗೆ ನೀರು. ಧಾರಾವಾಹಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

"ಡಾಕ್ಟರೇ!" ಸ್ಟಾಕಕ್ಕ ಎದ್ದು ನಿಂತೇಬಿಟ್ಟಳು. "ಕೊಂದಿದ್ದು ಡಾಕ್ಟರೇ ರೀ!"

ಹೊದಿಕೆಯ ನಾಲ್ಕನೇ ಮೂಲೆ ಹುಡುಕುತ್ತಿದ್ದ ಗಂಡ ತಲೆಯೆತ್ತಿದ. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ತೋರಿಸಿದ್ರು!"

"ಯಾವಾಗ? ಸ್ವಲ್ಪ ಹಿಂದಕ್ಕೆ ಹಾಕೇ."

"ಹಾಕ್ತೀನಿ," ಎಂದಳು ಸ್ಟಾಕಕ್ಕ, ಕೂತು ಕಾಲು ಚಾಚಿ. "ಅದನ್ನ ಮೊದಲು ಮಡಚಿ ಮುಗಿಸಿ."